ಕತ್ತರಿ ಕೊಡುವ ಮುಂಚೆ ಕೈ ನೋಡಿ

ಹೊಸ ತರಗತಿ ಸಿಕ್ಕಾಗ ಮೊದಲ ಎರಡು ದಿನ ನಾನು ಚಟುವಟಿಕೆ ಯೋಜಿಸೋದಿಲ್ಲ. ಸುಮ್ನೆ ಮಕ್ಕಳ ಕೈ ನೋಡುತ್ತೇನೆ. ಕ್ರೇಯಾನನ್ನು ಮುಷ್ಟಿಯಲ್ಲಿ ಹಿಡಿಯುವವರು ಯಾರು, ಬೆರಳುಗಳಲ್ಲಿ ಹಿಡಿಯುವವರು ಯಾರು ಅಂತ ಹೆಸರಿನ ಮುಂದೆ ಬರೆದುಕೊಳ್ಳುತ್ತೇನೆ.

ಈ ರೂಢಿ ಬಂದಿದ್ದು ಒಬ್ಬ ಹುಡುಗನ ಅಳುವಿನಿಂದ. ಆಗ ನಾನು ಕೆಲಸಕ್ಕೆ ಹೊಸಬಳು. 3ರಿಂದ 5 ವರ್ಷದ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿದ್ದರು. ಎಲ್ಲರಿಗೂ ವೃತ್ತ ಬರೆದು ಕತ್ತರಿಸಲು ಕೊಟ್ಟೆ. 3 ವರ್ಷದವನ ಕಾಗದ ಹರಿದುಹೋಯಿತು, ಬಿಕ್ಕಿ ಬಿಕ್ಕಿ ಅತ್ತ. ತಪ್ಪು ನನ್ನದು. ವೃತ್ತ ಕತ್ತರಿಸಲು ಒಂದು ಕೈ ಕತ್ತರಿ ಆಡಿಸಬೇಕು, ಇನ್ನೊಂದು ಕಾಗದ ತಿರುಗಿಸುತ್ತಾ ಹೋಗಬೇಕು. ಅದು ಸಾಮಾನ್ಯವಾಗಿ 5ರ ಹೊತ್ತಿಗೆ ಕೂಡಿಬರುವ ಕೆಲಸ.

ಈಗ ಹೀಗೆ ಮಾಡುತ್ತೇನೆ. ಕತ್ತರಿ ಹಿಡಿಯಲು ಬಾರದವರಿಗೆ ಕಾಗದ ಹರಿಯೋದು, ಜೇಡಿಮಣ್ಣು ಹಿಸುಕೋದು. 3ರ ಆಸುಪಾಸಿನವರಿಗೆ ಬೆರಳಗಲದ ಕಾಗದದ ಪಟ್ಟಿ, ಒಂದೇ ಕಚಕ್ಕಿಗೆ ತುಂಡು ಬೀಳಬೇಕು. ಕಾಗದ ಸ್ವಲ್ಪ ದಪ್ಪ ಇರಲಿ, ತೆಳುವಾದರೆ ಕತ್ತರಿಯೊಳಗೆ ಮಡಚಿಕೊಳ್ಳುತ್ತದೆ. 4ರವರಿಗೆ ದಪ್ಪನೆಯ ನೇರ ಗೆರೆ. ಅದು ಸಲೀಸಾದ ಮೇಲೆ ಬಾಗಿದ ಗೆರೆ, ಆಮೇಲೆ ವೃತ್ತ. ಎಡಗೈ ಮಕ್ಕಳಿಗೆ ಎಡಗೈ ಕತ್ತರಿಯೇ ಬೇಕು. ಬಲಗೈ ಕತ್ತರಿಯ ಅಲಗು ಅವರಿಗೆ ಗೆರೆಯನ್ನೇ ಮರೆಮಾಡುತ್ತದೆ. ಕೊನೆಗೆ ಎಲ್ಲರ ತುಂಡುಗಳೂ ಒಂದೇ ದೊಡ್ಡ ಹಾಳೆ ಮೇಲೆ ಅಂಟುತ್ತವೆ.

ವಯಸ್ಸು ಬರೀ ಅಂದಾಜು. ನಾಲ್ಕೂವರೆಯ ಹುಡುಗಿಯೊಬ್ಬಳು ಮೂರು ವಾರ ಕಾಗದದ ಪಟ್ಟಿ ಕತ್ತರಿಸೋದರಲ್ಲೇ ಇದ್ದಳು, ನಾನು ಅವಸರ ಮಾಡಲಿಲ್ಲ. ಮಗು ಒಂಟಿಯಾಗಿ ಮಾಡಲಾಗದ, ಆದರೆ ಯಾರಾದರೂ ಜೊತೆಗಿದ್ದರೆ ಮಾಡಬಲ್ಲ ಕೆಲಸದಲ್ಲಿ ಕಲಿಕೆ ನಡೆಯುತ್ತದೆ ಅಂತ ಮನಶ್ಶಾಸ್ತ್ರಜ್ಞ ಲೆವ್ ವೈಗಾಟ್‌ಸ್ಕಿ ವಿವರಿಸಿದ್ದರು. ಹಾಗಾಗಿ ಕೊಡುವ ಸಹಾಯವನ್ನೂ ಯೋಜನೆಯಲ್ಲೇ ಬರೆಯಿರಿ. ಅವಳ ಹೆಸರಿನ ಮುಂದೆ ನಾನು ಬರೆದಿದ್ದು: ಕಾಗದ ನಾನು ಹಿಡಿಯಬೇಕು, ಕತ್ತರಿ ಅವಳೇ ಆಡಿಸಬೇಕು.

ಎಣಿಕೆಗೂ ಹೀಗೇ. ಐದು ಮರದ ತುಂಡು ಎಣಿಸಿದ ಮಗುವನ್ನು ಒಟ್ಟು ಎಷ್ಟು ಅಂತ ಕೇಳಿ. ಮತ್ತೆ ಒಂದರಿಂದ ಶುರು ಮಾಡಿದರೆ, ಕೊನೆಯ ಸಂಖ್ಯೆಯೇ ಒಟ್ಟು ಅನ್ನೋದು ಇನ್ನೂ ಹೊಳೆದಿಲ್ಲ. ಆ ಮಗುವಿಗೆ ಕೂಡಿಸುವ ಲೆಕ್ಕ ಬೇಡ. ಗೆಳೆಯರಿಗೆ ತಲೆಗೊಂದು ಲೋಟ ಹಂಚುವ ಕೆಲಸ ಕೊಡಿ. 3ರೊಳಗಿನ ಮಕ್ಕಳಿದ್ದರೆ ಸಣ್ಣ ಮಣಿ, ಗುಂಡಿ ಬೇಡವೇ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ.

ಚಟುವಟಿಕೆ ನಡೆಯುವಾಗ ಯಾರು ಬೇಗ ಎದ್ದುಹೋದರು ಅಂತ ಗುರುತು ಹಾಕಿ. ಕೆಲಸ ಜಾಸ್ತಿ ಸುಲಭ ಅಂತ ಬೇಸರ ಬಂತೋ, ಕೈಗೆ ಹತ್ತದೆ ಬಿಟ್ಟರೋ ನೋಡಿ. ಮರುದಿನ ಅವರ ತಟ್ಟೆಯಲ್ಲಿ ಏನಿಡಬೇಕು ಅನ್ನೋದು ಅಲ್ಲೇ ಗೊತ್ತಾಗುತ್ತದೆ.