ಈಸ್ಟರ್ ತತ್ತಿಗೆ ಬಣ್ಣ, ಬಾಡಿಗೆ ಮನೆಯ ಕಾರ್ಪೆಟ್ಟಿಗಲ್ಲ

ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಅಮೆರಿಕಕ್ಕೆ ಹೊಸದಾಗಿ ಬಂದ ಕುಟುಂಬಗಳಿಗೆ, ಮಾರ್ಚ್ ಬಂತೆಂದರೆ ಮಕ್ಕಳ ಶಾಲೆಯಿಂದಲೋ ನೆರೆಮನೆಯಿಂದಲೋ ಈಸ್ಟರ್ ತತ್ತಿಗಳ ಸುದ್ದಿ ಬಂದೇ ಬರುತ್ತದೆ. ಬೀದರಿನ ಮೆಥೋಡಿಸ್ಟ್ ಮನೆತನದವರಿಗೆ ಈಸ್ಟರ್ ಹೊಸದಲ್ಲ. ಆದರೆ ಇಲ್ಲಿ ಚರ್ಚಿಗೆ ಹೋಗದವರ ಮನೆಯಲ್ಲೂ ಮಕ್ಕಳು ತತ್ತಿಗೆ ಬಣ್ಣ ಹಾಕುತ್ತಾರೆ. ಹಿಂದೆ ಹಬ್ಬಕ್ಕೆ ಮುಂಚಿನ ಉಪವಾಸದ ವಾರಗಳಲ್ಲಿ ಕ್ರೈಸ್ತರು ತತ್ತಿ ತಿನ್ನುತ್ತಿರಲಿಲ್ಲ, ಕೋಳಿಗಳು ಮಾತ್ರ ಇಡುತ್ತಲೇ ಇದ್ದವು. ಹಬ್ಬದ ಹೊತ್ತಿಗೆ ತತ್ತಿ ರಾಶಿ ಬೀಳುತ್ತಿದ್ದುದು ಹೀಗೆ. ಹಬ್ಬ ಬರುವುದು ಮಾರ್ಚ್ 22ರಿಂದ ಏಪ್ರಿಲ್ 25ರೊಳಗಿನ ಒಂದು ಭಾನುವಾರ. 2027ರಲ್ಲಿ ಅದು ಮಾರ್ಚ್ 28.

ಅಡುಗೆಮನೆಗೆ ತತ್ತಿ ತರದ ಮನೆಗಳು ನಮ್ಮಲ್ಲಿ ಬಹಳ. ಅಂಥವರು ಸಂಕೋಚಪಡಬೇಕಾಗಿಲ್ಲ, ಮಕ್ಕಳನ್ನು ದೂರವಿಡಬೇಕಾಗಿಯೂ ಇಲ್ಲ. ಕರಕುಶಲ ಸಾಮಗ್ರಿಗಳ ಅಂಗಡಿಯಲ್ಲಿ ಕಟ್ಟಿಗೆಯ ತತ್ತಿಗಳು ದೊರೆಯುತ್ತವೆ. ಅವುಗಳ ಮೇಲೆ ಸ್ಕೆಚ್ ಪೆನ್ನಿನಿಂದ ಬರೆಸಿದರೆ ನೀರಿಲ್ಲ, ವಾಸನೆಯಿಲ್ಲ, ಚೆಲ್ಲುವ ಮಾತೇ ಇಲ್ಲ. ಮೂರು ವರ್ಷದ ಆಸುಪಾಸಿನ ಮಕ್ಕಳಿದ್ದರೆ ತತ್ತಿ ತಿನ್ನುವವರ ಮನೆಗೂ ಇದೇ ಮೇಲು.

ನಿಜವಾದ ತತ್ತಿಯೇ ಬೇಕೆಂದರೆ ಬಿಳಿಯವನ್ನು ಕೊಂಡು, ಗಟ್ಟಿಯಾಗಿ ಕುದಿಸಿ, ಪೂರ್ತಿ ಆರಿಸಿ, ಒರೆಸಿ ಇಟ್ಟುಕೊಳ್ಳಬೇಕು. ಗಲೀಜಿಲ್ಲದ ವಿಧಾನಗಳಲ್ಲಿ ನಾನು ಮೊದಲು ಹೇಳುವುದು ಅಕ್ಕಿಯದು. ಮುಚ್ಚಳ ಬಿಗಿಯಾಗಿ ಕೂಡುವ ಸಣ್ಣ ಡಬ್ಬಿಯಲ್ಲಿ ಅರ್ಧ ಕಪ್ ಒಣ ಅಕ್ಕಿ ಹಾಕಿ, ಅದರ ಮೇಲೆ ದ್ರವರೂಪದ ಫುಡ್ ಕಲರ್ ಹತ್ತು ಹನಿ ಬಿಟ್ಟು, ತತ್ತಿಯನ್ನಿಟ್ಟು ಮುಚ್ಚಿ ಮಗುವಿನ ಕೈಗೆ ಕೊಟ್ಟರೆ, ಅದು ಗಿಲಕಿಯಂತೆ ಆಡಿಸುತ್ತಿರುವಾಗಲೇ ಬಣ್ಣ ಹತ್ತುತ್ತದೆ. ಮುಚ್ಚಳ ತೆರೆದರೆ ತತ್ತಿಯ ಮೈತುಂಬ ಸಣ್ಣ ಸಣ್ಣ ಚುಕ್ಕೆಗಳು, ಒಂದರಂತೆ ಇನ್ನೊಂದಿಲ್ಲ. ಬಣ್ಣದ ಹಸಿಯನ್ನೆಲ್ಲ ಅಕ್ಕಿಯೇ ಹೀರಿಕೊಳ್ಳುವುದರಿಂದ ಚೆಲ್ಲಲು ಏನೂ ಉಳಿಯುವುದಿಲ್ಲ. ಒಂದೊಂದು ಬಣ್ಣಕ್ಕೆ ಒಂದೊಂದು ಡಬ್ಬಿ ಇರಲಿ. ಮುಚ್ಚಳ ತೆಗೆಯುವ ಕೆಲಸ ಮಾತ್ರ ದೊಡ್ಡವರದು.

ಅದ್ದುವ ವಿಧಾನಕ್ಕೆ ಅರ್ಧ ಕಪ್ ಬಿಸಿನೀರು, ಒಂದು ಚಮಚೆ ವಿನೆಗರ್, ಹತ್ತರಿಂದ ಇಪ್ಪತ್ತು ಹನಿ ಬಣ್ಣ ಬೇಕು. ಹುಳಿಯಿದ್ದರೆ ತತ್ತಿಯ ಹೊರಪದರಕ್ಕೆ ಬಣ್ಣ ಚೆನ್ನಾಗಿ ಕಚ್ಚುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಅದೇ ಹುಳಿ ಸುಣ್ಣದ ಚಿಪ್ಪನ್ನೂ ಕರಗಿಸತೊಡಗುವುದರಿಂದ ಐದು ನಿಮಿಷ ಸಾಕು. ನೀರು ಉಗುರುಬೆಚ್ಚಗಾದ ಮೇಲೆಯೇ ಮಕ್ಕಳನ್ನು ಕರೆಯಬೇಕು. ಲೋಟಗಳು ಉರುಳದಂತೆ ಮಫಿನ್ ತಟ್ಟೆಯ ಗುಳಿಗಳಲ್ಲಿ ಕೂರಿಸಿ, ಆ ತಟ್ಟೆಯನ್ನು ಊರಿನಿಂದ ತಂದ ಪರಾತದೊಳಗೆ ಇಟ್ಟರೆ ಚೆಲ್ಲಿದ್ದೆಲ್ಲ ಅದರ ಅಂಚಿನೊಳಗೇ ನಿಲ್ಲುತ್ತದೆ. ಕ್ರೀಮ್ ಕಡೆಯುವ ತಂತಿಯ ವಿಸ್ಕಿನ ನಡುವೆ ತತ್ತಿ ತೂರಿಸಿ ಕೊಟ್ಟರೆ ಮಕ್ಕಳ ಬೆರಳು ಬಣ್ಣಕ್ಕೆ ತಾಗುವುದಿಲ್ಲ, ಕೈಜಾರಿ ತತ್ತಿ ಬೀಳುವುದೂ ತಪ್ಪುತ್ತದೆ.

ಜಿಲೇಬಿಗೆಂದು ಊರಿನಿಂದ ತಂದ ಪುಡಿ ಬಣ್ಣವನ್ನು ಬಳಸದಿರುವುದು ಒಳ್ಳೆಯದು. ತಿನ್ನಬಾರದೆಂದಲ್ಲ, ಚಿಟಿಕೆ ಪುಡಿ ಹಾರಿದರೂ ಒದ್ದೆ ಬಟ್ಟೆ ತಾಗಿದಲ್ಲೆಲ್ಲ ಕೇಸರಿ ಮೂಡುತ್ತದೆ. ಹೋಳಿಯಲ್ಲಿ ಉಳಿದ ಬಣ್ಣವನ್ನಂತೂ ತಿನ್ನುವ ತತ್ತಿಯ ಹತ್ತಿರವೂ ತರಬಾರದು. ಅರಿಶಿನದ ನೀರು ಸುಂದರವಾದ ಹಳದಿ ಕೊಡುತ್ತದೆ, ಉಳ್ಳಾಗಡ್ಡಿ ಸಿಪ್ಪೆ ಕುದಿಸಿದ ನೀರು ಕಂದುಗೆಂಪು ಕೊಡುತ್ತದೆ. ಆದರೆ ಅರಿಶಿನದ ಕಲೆಯ ಹಟ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಕೆಲಸಕ್ಕೆ ಕಾರ್ಪೆಟ್ ಇರುವ ಹಾಲ್ ಬೇಡವೇ ಬೇಡ, ಅಡುಗೆಮನೆಯ ನೆಲವೇ ಸರಿ. ಹಾಗಿದ್ದೂ ಹನಿ ಬಿದ್ದರೆ ಉಜ್ಜಬಾರದು, ಉಜ್ಜಿದಷ್ಟೂ ಕಲೆ ಹರಡುತ್ತದೆ. ಒಣ ಬಟ್ಟೆಯನ್ನು ಒತ್ತಿ ಒತ್ತಿ ಹೀರಿಸಿ, ಆಮೇಲೆ ತಣ್ಣೀರಿನಲ್ಲಿ ಅದ್ದಿದ ಬಟ್ಟೆಯಿಂದ ಒತ್ತಬೇಕು. ಬಾಡಿಗೆ ಮನೆ ಬಿಡುವಾಗ ಠೇವಣಿ ಹಣ ಮುರಿದುಕೊಳ್ಳಲು ಒಂದು ಕಲೆ ಸಾಕು.

ತಿನ್ನಲಿರುವ ತತ್ತಿಗಳನ್ನು ಒಟ್ಟು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬಾರದು. ಫ್ರಿಜ್ಜಿನಲ್ಲಿಟ್ಟು ಕುದಿಸಿದ ವಾರದೊಳಗೆ ಮುಗಿಸಬೇಕು. ಅಂಗಳದಲ್ಲಿ ಬಚ್ಚಿಟ್ಟು ಹುಡುಕಿಸುವ ಆಟಕ್ಕೆ ಪ್ಲಾಸ್ಟಿಕ್ ತತ್ತಿಗಳಿರಲಿ, ಏಕೆಂದರೆ ಹುಲ್ಲಿನಲ್ಲಿ ಸಿಗದೆ ಉಳಿದ ನಿಜವಾದ ತತ್ತಿಯನ್ನು ಮುಂದೆ ಹುಡುಕಿಕೊಡುವುದು ಅದರ ವಾಸನೆ.