ಜೋಡಿ ಹೋಲಿಕೆಯಿಂದ ಇಂಗ್ಲಿಷ್ ಬರವಣಿಗೆಯ ಮೌಲ್ಯಮಾಪನ: ನನ್ನ ಅನುಭವ

ಸೋಮವಾರಪೇಟೆ ಕಡೆಯ ಪ್ರೌಢಶಾಲೆಯೊಂದರಲ್ಲಿ ದ್ವಿತೀಯ ಭಾಷೆ ಇಂಗ್ಲಿಷ್ ಕಲಿಸುವ ನಾನು, ಮಕ್ಕಳ ಪ್ರಬಂಧಗಳನ್ನು ಎರಡೆರಡಾಗಿ ಎದುರಿಗಿಟ್ಟುಕೊಂಡು ಯಾವುದು ಮೇಲು ಎಂದಷ್ಟೇ ತೀರ್ಮಾನಿಸುವ ಪದ್ಧತಿಯನ್ನು ತಂದಾಗ, ಇದು ಅಂದಾಜಿನ ಕೆಲಸ, ಪೋಷಕರು ಕೇಳಿದರೆ ಉತ್ತರ ಕೊಡಲಾಗದು ಎಂದು ಸಹೋದ್ಯೋಗಿಗಳು ಆಕ್ಷೇಪಿಸಿದ್ದರು. ಈಗ ಎರಡು ತಂಡಗಳು ಬೇರೆ ಬೇರೆಯಾಗಿ ಕುಳಿತು ಮಾಡಿದ ಪಟ್ಟಿಗಳಲ್ಲಿ ಮೊದಲ ಹತ್ತರಲ್ಲಿ ಎಂಟೊಂಬತ್ತು ಹೆಸರುಗಳು ಒಂದೇ ಬಂದಿವೆ.

ಮೊದಲು ನಾನು ಬಳಸಿದ್ದು 1981ರ ಇಎಸ್‌ಎಲ್ ಕಾಂಪೋಸಿಷನ್ ಪ್ರೊಫೈಲ್, ಅಂದರೆ ಇಂಗ್ಲಿಷನ್ನು ಎರಡನೇ ಭಾಷೆಯಾಗಿ ಕಲಿಯುವವರ ಬರವಣಿಗೆಗೆ ನೂರಕ್ಕೆ ಅಂಕ ಕೊಡುವ ನಮೂನೆ: ವಿಷಯಕ್ಕೆ 30, ಭಾಷಾಪ್ರಯೋಗಕ್ಕೆ 25, ಜೋಡಣೆಗೂ ಪದಸಂಪತ್ತಿಗೂ ತಲಾ 20, ಕಾಗುಣಿತ ಮತ್ತು ಚಿಹ್ನೆಗಳಿಗೆ 5. ನಮ್ಮಲ್ಲಿ ಅದು ಕೈಕೊಟ್ಟಿತು. ಹೆಚ್ಚಿನವರ ಅಂಕ 55ರಿಂದ 65ರೊಳಗೆ ಗುಂಪುಗೂಡಿತು, ಒಂದೇ ಉತ್ತರಕ್ಕೆ ಇಬ್ಬರು ಕೊಟ್ಟ ಅಂಕದಲ್ಲಿ ಹದಿನೈದರಷ್ಟು ಅಂತರ ಬಂತು, ಗೈಡನ್ನು ಬಾಯಿಪಾಠ ಮಾಡಿದವರೇ ಮೇಲೆದ್ದರು. ನಮೂನೆಗಳ ಜೆರಾಕ್ಸಿಗೆ ಆರುನೂರರಷ್ಟು ರೂಪಾಯಿ ನನ್ನ ಕೈಯಿಂದಲೇ ಹೋಯಿತು.

ಆಗ ಪ್ರಶ್ನೆಯನ್ನೇ ಬದಲಿಸಿದೆ. ಕಣದಲ್ಲಿ ಕರಿಮೆಣಸು ಹರವಿದ ದಿನ ಹೂಮಳೆ (ಕಾಫಿ ಹೂವರಳಿಸುವ ಬೇಸಿಗೆ ಮಳೆ) ಬಂದರೆ ಏನಾಗುತ್ತದೆ ಎಂಬುದಕ್ಕೆ ಯಾವ ಗೈಡಿನಲ್ಲೂ ಉತ್ತರವಿಲ್ಲ. ತೋಟದ ಕಾರ್ಮಿಕರ ಲೈನ್ ಮನೆಯಿಂದ ಬರುವ ಹುಡುಗಿಯೊಬ್ಬಳು "ಮೇಸ್ತ್ರಿ ಶೌಟ್, ವಿ ಆಲ್ ರನ್, ಪೆಪ್ಪರ್ ಆಲ್ಸೋ ರನ್ ಇನ್ ವಾಟರ್" ಎಂದು ಬರೆದಿದ್ದಳು. ಕ್ರಿಯಾಪದಗಳೆಲ್ಲ ತಪ್ಪು, ಆದರೆ ನಡೆದದ್ದು ಕಣ್ಣಿಗೆ ಕಟ್ಟುತ್ತದೆ. ಹಳೆಯ ನಮೂನೆಯಲ್ಲಿ ಅವಳ ಉತ್ತರ ಐವತ್ತನ್ನೂ ದಾಟಲಿಲ್ಲ. ಜೋಡಿ ಹೋಲಿಕೆಯಲ್ಲಿ ಮೂವರು ಶಿಕ್ಷಕರೂ ಪರಸ್ಪರ ಮಾತನಾಡದೆಯೇ ಅದನ್ನು ಮೇಲಿನ ಸಾಲಿಗೆ ಏರಿಸಿದರು.

ಮೂವತ್ತು ಉತ್ತರಗಳಲ್ಲಿ ಪ್ರತಿಯೊಂದೂ ಹತ್ತು ಸಲ ಹೋಲಿಕೆಗೆ ಬರಬೇಕಾದರೆ 150 ಜೋಡಿಗಳಾಗುತ್ತವೆ, ಅಂದರೆ ಮೂವರಿಗೆ ತಲಾ 50. ಜೋಡಿಗೆ ನಿಮಿಷವೆಂದರೂ ಒಂದು ಗಂಟೆಯೊಳಗೆ ಮುಗಿಯುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಥರ್ಸ್ಟೋನ್ 1927ರಲ್ಲಿ ಕೊಟ್ಟ ಸೂತ್ರ ಇದಕ್ಕೆ ಆಧಾರವಾದರೂ, ನಮ್ಮ ತರಗತಿಗೆ ಗೆಲುವುಗಳನ್ನು ಎಣಿಸಿದರೆ ಸಾಕು. ಪಟ್ಟಿಯನ್ನು ಅಂಕಕ್ಕೆ ಇಳಿಸಲು, ಅಂಕದ ಬಗ್ಗೆ ಎಲ್ಲರೂ ಒಪ್ಪಿದ್ದ ಹಿಂದಿನ ವರ್ಷದ ಮೂರು ಉತ್ತರಗಳನ್ನು ಆ ಮೂವತ್ತರೊಳಗೇ ಸೇರಿಸಿರುತ್ತೇನೆ. ಅವನ್ನು ಆರಿಸುವ ಬಗೆಯನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಕೈಬರಹದ ಪ್ರಭಾವ ಎಷ್ಟೆಂದು ತಿಳಿಯಲು ಹತ್ತರಷ್ಟು ಉತ್ತರಗಳನ್ನು ತಪ್ಪುಗಳ ಸಮೇತ ಡಿಟಿಪಿ ಮಾಡಿಸಿಯೂ ನೋಡಿದೆ. ಪುಟಕ್ಕೆ ಮೂವತ್ತು ರೂಪಾಯಿಯಂತೆ ಕೊಟ್ಟ ನೆನಪು. ದುಂಡಗೆ ಬರೆಯುತ್ತಿದ್ದ ಇಬ್ಬರು ಮೂವರು ಕೆಳಗಿಳಿದರು. ಪ್ರತಿ ಪರೀಕ್ಷೆಗೂ ಹೀಗೆ ಮಾಡಿಸುವಷ್ಟು ಹಣವಿಲ್ಲದ್ದರಿಂದ, ದುಂಡಕ್ಷರದ ಉತ್ತರಗಳನ್ನು ಆದಷ್ಟೂ ಒಂದಕ್ಕೊಂದು ಎದುರಾಗಿಡುತ್ತೇನೆ.

ಎಲ್ಲಿ ತಪ್ಪಿತೆಂದು ಹೋಲಿಕೆ ಮಗುವಿಗೆ ಹೇಳುವುದಿಲ್ಲ. ಅದಕ್ಕೆ ಹಳೆಯ ಪ್ರೊಫೈಲನ್ನೇ ಇಟ್ಟುಕೊಂಡಿದ್ದೇನೆ, ಆದರೆ ಅಂಕಗಳ ಕಲಂ ತೆಗೆದುಹಾಕಿ, ಪ್ರತಿ ಮಗುವಿಗೂ ಅದರ ಐದು ಶೀರ್ಷಿಕೆಗಳಲ್ಲಿ ಯಾವುದಾದರೂ ಒಂದರಡಿ ಮಾತ್ರ ಎರಡು ಸಾಲು ಬರೆದುಕೊಡುತ್ತೇನೆ.