ಕೊಕ್ಕು ನೋಡಿ ಹಕ್ಕಿಯ ಆಹಾರ ತಿಳಿಯುವ ಬಗೆ

ಕೊಕ್ಕಿನ ಆಕಾರವನ್ನಷ್ಟೇ ನೋಡಿ ಹಕ್ಕಿಯ ಆಹಾರವನ್ನು ಊಹಿಸಿದರೆ ಎಡವುವುದೇ ಹೆಚ್ಚು. ಅದು ಕೊಕ್ಕನ್ನು ಆಡಿಸುವ ರೀತಿಯನ್ನೂ ಗಮನಿಸಬೇಕು. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟಿನಲ್ಲಿ ದೋಣಿಯಿಂದಲೇ ಕೊಕ್ಕುಗಳನ್ನು ಹತ್ತಿರದಲ್ಲಿ ಕಾಣಬಹುದಾದರೂ, ಅಲ್ಲಿನ ನಡುಗಡ್ಡೆಗಳು ಮುಖ್ಯವಾಗಿ ಗೂಡು ಕಟ್ಟುವ ತಾಣಗಳು. ಮೇಯುವುದನ್ನು ನೋಡಬೇಕೆಂದರೆ ಬೆಳಗ್ಗೆ ಸುತ್ತಲಿನ ಕೆರೆಯಂಚಿಗೋ ನೀರು ನಿಂತ ಭತ್ತದ ಗದ್ದೆಗೋ ಹೋಗಿ, ದೂರದಲ್ಲಿ ಕದಲದೆ ಕುಳಿತು ದುರ್ಬೀನು ಹಿಡಿಯುವುದು ಲೇಸು.

ಮೊದಲು ಬಾಯ್ಕಳಕ ಕೊಕ್ಕರೆಯನ್ನು ಹುಡುಕಿ. ಕೊಕ್ಕು ಮುಚ್ಚಿದಾಗಲೂ ಅದರ ನಡುವೆ ಬೆಳಕು ತೂರುವಷ್ಟು ಸಂದು ಉಳಿಯುತ್ತದೆ. ಅಡಕತ್ತರಿಯನ್ನು ನೆನಪಿಸುವ ಈ ಸಂದನ್ನು ಕಂಡವರು ಬಸವನಹುಳುವಿನ ಚಿಪ್ಪನ್ನು ಅದರಲ್ಲಿಟ್ಟು ಒಡೆಯುತ್ತದೆಂದು ಭಾವಿಸುವುದು ಸಹಜ. ನಿಜದಲ್ಲಿ ಅದು ನೀರಿನೊಳಗೆ ತಡಕಿ ಹುಳುವನ್ನು ಹಿಡಿದು, ಕೆಳಕೊಕ್ಕಿನ ಚೂಪಾದ ತುದಿಯನ್ನು ಚಿಪ್ಪಿನ ಬಾಯೊಳಗೆ ತೂರಿಸಿ, ಚಿಪ್ಪಿಗೆ ಅಂಟಿಕೊಂಡ ಸ್ನಾಯುವನ್ನು ಕತ್ತರಿಸಿ ಮಾಂಸವನ್ನು ಹೊರಗೆಳೆಯುತ್ತದೆ. ಚಿಪ್ಪು ಹಲವು ಸಲ ಒಡೆಯದೆಯೇ ಉಳಿಯುತ್ತದೆ. ಮರಿಗಳ ಕೊಕ್ಕಿನಲ್ಲಿ ಈ ಸಂದು ಇರುವುದಿಲ್ಲವಾದ್ದರಿಂದ ಗುರುತಿಸುವಾಗ ಎಚ್ಚರ ಬೇಕು.

ಅನಂತರ ಕಣ್ಣಿಗಿಂತ ಸ್ಪರ್ಶವನ್ನೇ ಹೆಚ್ಚು ನಂಬುವ ಹಕ್ಕಿಗಳತ್ತ ತಿರುಗಿ. ಚಮಚದ ಕೊಕ್ಕಿನ ಹಕ್ಕಿ ಕೊಕ್ಕನ್ನು ಅರೆತೆರೆದು, ಕುಡುಗೋಲು ಬೀಸಿದಂತೆ ಎಡಕ್ಕೂ ಬಲಕ್ಕೂ ನೀರಿನಲ್ಲಿ ಆಡಿಸುತ್ತ ನಡೆಯುತ್ತದೆ. ಅಗಲವಾದ ತುದಿಗೆ ಮೀನೋ ಹುಳವೋ ತಾಗಿದೊಡನೆ ಅದು ಮುಚ್ಚಿಕೊಳ್ಳುತ್ತದೆ. ಬಣ್ಣದ ಕೊಕ್ಕರೆಯದೂ ಇದೇ ಉಪಾಯ, ಆದರೆ ಅದು ಕಾಲಿನಿಂದ ಕೆಸರು ಕಲಕಿ ಮೀನನ್ನು ಎಬ್ಬಿಸುವುದೂ ಉಂಟು. ಇವೆರಡಕ್ಕೂ ಕಲಕಿದ ನೀರು ತೊಡಕಲ್ಲ.

ಮೀನು ತಿನ್ನುವ ಹಕ್ಕಿಗಳಿಗೆಲ್ಲ ಒಂದೇ ಬಗೆಯ ಕೊಕ್ಕು ಇರುತ್ತದೆಂದು ತಿಳಿಯಬಾರದು. ನೀರುಕಾಗೆಯ ಕೊಕ್ಕಿನ ತುದಿ ಕೊಕ್ಕೆಯಂತೆ ಬಾಗಿದ್ದು ಜಾರುವ ಮೀನನ್ನು ಕಚ್ಚಿ ಹಿಡಿಯುತ್ತದೆ. ಹಾವಕ್ಕಿಯ ನೇರವಾದ ಕೊಕ್ಕು ಭರ್ಜಿಯಂತೆ ಚುಚ್ಚುತ್ತದೆ. ಹೆಜ್ಜಾರ್ಲೆಯಂತೂ ಕೆಳಕೊಕ್ಕಿನ ಚೀಲದಲ್ಲಿ ಮೀನಿನ ಜೊತೆ ನೀರನ್ನೂ ಮೊಗೆಯುತ್ತದೆ. ಆ ಚೀಲ ಮೀನನ್ನು ಕೂಡಿಡುವ ಬುಟ್ಟಿಯಲ್ಲ, ಹಿಡಿಯುವ ಬಲೆ. ಮೊಗೆದ ಮೇಲೆ ಅದು ಕೊಕ್ಕನ್ನು ಎದೆಯತ್ತ ಬಾಗಿಸಿ ನೀರನ್ನು ಬಸಿಯುವುದನ್ನೂ, ಬಳಿಕ ತಲೆಯೆತ್ತಿ ನುಂಗುವುದನ್ನೂ ನೋಡುವವರೆಗೆ ದುರ್ಬೀನನ್ನು ಕೆಳಗಿಳಿಸಬೇಡಿ.